ಮರವಾಗಿ ಬಗ್ಗಿದವರು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ಮಕ್ಕಳಿಗೆ ಬುದ್ಧಿ ಹೇಳುವಾಗ ನಾವೆಲ್ಲರೂ ಬಳಸುತ್ತೇವೆ. ಕಲಿಯುವುದಕ್ಕೆ ಒಂದು ವಯಸ್ಸುಂಟು. ಅದು ಕಳೆದ ಮೇಲೆ ಹಿಂದೆ ಕಲಿತದ್ದನ್ನೇ ಬಂಡವಾಳವಾಗಿಟ್ಟುಕೊಂಡು ಬಾಳಬೇಕು ಎಂಬುದು ಅದರ ತಾತ್ಪರ್ಯ. ಕೆಲವು ವೃತ್ತಿಗಳ ಮಟ್ಟಿಗೆ ಇದು ನಿಜವೂ ಹೌದು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಬರೆದ ಶಬ್ದಮಣಿದರ್ಪಣವನ್ನು ಒಮ್ಮೆ ಶ್ರದ್ಧೆಯಿಂದ ಓದಿಕೊಂಡ ಕನ್ನಡ ಅಧ್ಯಾಪಕನು ನಿವೃತ್ತನಾಗುವ ತನಕ ಅದನ್ನು ಪಾಠ ಹೇಳಬಹುದು. ಕೇಶಿರಾಜನು ಎರಡು ವರ್ಷಕ್ಕೊಮ್ಮೆ ತನ್ನ ಸೂತ್ರಗಳನ್ನು ತಿದ್ದಿ ಹೊಸದೊಂದು ವ್ಯಾಕರಣವನ್ನು ಹೊರಡಿಸಿಯಾನೆಂಬ ಅಂಜಿಕೆ ಅವನಿಗಿಲ್ಲ.

ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುವವರ ಪಾಡು ಹಾಗಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಸೇರಿದ ತರುಣನೊಬ್ಬನನ್ನು ವಾಚಕರು ಊಹಿಸಿಕೊಳ್ಳಲಿ. ಆಗ ಅವನಿಗೆ ಇಪ್ಪತ್ತೆರಡು ವರ್ಷ. ಬ್ಯಾಂಕುಗಳ, ವಿಮಾ ಕಂಪೆನಿಗಳ ಹಳೆಯ ಪ್ರೋಗ್ರಾಮುಗಳಲ್ಲಿ ಇಸವಿಯನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟಿದ್ದರು. 2000ನೆಯ ಇಸವಿ ಕಾಲಿಟ್ಟೊಡನೆ ಯಂತ್ರಗಳು ಅದನ್ನು 1900 ಎಂದು ಭ್ರಮಿಸಿಯಾವೆಂಬ ಭಯ ಜಗತ್ತನ್ನೇ ಹಿಡಿದಿತ್ತು. ಅದನ್ನು ಸರಿಪಡಿಸುವುದಕ್ಕಾಗಿ ಅವನು ಕೋಬಾಲ್ ಎಂಬ ಭಾಷೆಯನ್ನು ಕಲಿತನು. ಆ ಕೆಲಸ ಮುಗಿಯುವ ಹೊತ್ತಿಗೆ, 1995ರಲ್ಲಿ ಹೊರಬಂದಿದ್ದ ಜಾವಾ ಎಲ್ಲೆಲ್ಲೂ ಹಬ್ಬಿತ್ತು, ಅದನ್ನೂ ಕಲಿತನು. 2007ರಲ್ಲಿ ಐಫೋನೂ ಮರುವರ್ಷ ಆಂಡ್ರಾಯ್ಡ್ ಫೋನೂ ಬಂದುವು. ಅಂಗೈಯಗಲದ ಪರದೆಗೆ ಬರೆಯುವ ಬಗೆಯೇ ಬೇರೆಯಾಯಿತು. ಆಫೀಸಿನ ತಣ್ಣನೆಯ ಕೋಣೆಯಲ್ಲಿ ಕಣ್ಣಿಗೆ ಕಾಣುವಂತಿದ್ದ ಯಂತ್ರಗಳು ಹೋಗಿ, ಎಲ್ಲಿಯೋ ದೂರದಲ್ಲಿದ್ದು ಬಾಡಿಗೆಗೆ ದೊರೆಯುವ ‘ಕ್ಲೌಡ್’ ಬಂದಿತು. ಇಷ್ಟೆಲ್ಲ ಆದ ಮೇಲೆ 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಜನರ ಕೈಗೆ ಸಿಕ್ಕಿತು; ಬಾಯಲ್ಲಿ ಹೇಳಿದಂತೆ ಪ್ರೋಗ್ರಾಮು ಬರೆದುಕೊಡುವ ಕೆಲಸಕ್ಕೆ ಯಂತ್ರವೇ ಕೈಯಿಕ್ಕಿತು.

ಆ ತರುಣ ಈಗ ಐವತ್ತರ ಆಸುಪಾಸಿನಲ್ಲಿದ್ದಾನೆ. ಮನೆಸಾಲದ ಕಂತುಗಳು ಇನ್ನೂ ತೀರಿಲ್ಲ. ಮಗಳು ಕಾಲೇಜಿನಲ್ಲಿ ಓದುತ್ತಿದ್ದಾಳೆ. ತಂದೆತಾಯಿಗಳ ಔಷಧದ ಖರ್ಚು ತಿಂಗಳಿಂದ ತಿಂಗಳಿಗೆ ಏರುತ್ತಿದೆ. ಇಂಥ ಸಮಯದಲ್ಲಿ ಐದನೆಯ ಬಾರಿಗೆ ಅಕ್ಷರಾಭ್ಯಾಸಕ್ಕೆ ಕುಳಿತುಕೊಳ್ಳಬೇಕು. ಅದೂ ತನ್ನ ಅರ್ಧ ವಯಸ್ಸಿನ ಹುಡುಗರ ಪಕ್ಕದಲ್ಲಿ. ನಗರದ ಎಷ್ಟೋ ಮನೆಗಳಲ್ಲಿ ರಾತ್ರಿ ಹನ್ನೊಂದರ ಮೇಲೂ ಒಂದು ಕೋಣೆಯ ದೀಪ ಆರದಿರುವುದಕ್ಕೆ ಮಕ್ಕಳ ಪರೀಕ್ಷೆಯೊಂದೇ ಕಾರಣವಲ್ಲ. ಹಾಗಾದರೆ ಗಾದೆ ನಿಜವೆ? ಮರ ಬಗ್ಗಲಾರದೆ?

ಈ ವೃತ್ತಿ ಮೊದಲು ಬೇರೂರಿದ ನಾಡುಗಳಲ್ಲಿ ಅಮೆರಿಕವೂ ಒಂದು. ಅಲ್ಲಿ ಈ ಕಸುಬಿನಲ್ಲೇ ತಲೆ ನರೆಸಿಕೊಂಡ ಹಿರಿಯರು ಏನು ಮಾಡಿದರೆಂಬುದನ್ನು ನೋಡಿದರೆ ಈ ಪ್ರಶ್ನೆಗೆ ಉತ್ತರ ದೊರೆತೀತು.

ವರ್ಜೀನಿಯಾ ರಾಜ್ಯದ ಹ್ಯಾಂಪ್ಟನ್ ಎಂಬ ಊರಿನಲ್ಲಿ ವಿಮಾನಗಳ ಸಂಶೋಧನೆಗೆ ಮೀಸಲಾದ ಲ್ಯಾಂಗ್ಲಿ ಎಂಬ ಸರ್ಕಾರಿ ಪ್ರಯೋಗಾಲಯವಿತ್ತು. 1943ರಲ್ಲಿ ಡೊರೊತಿ ವಾನ್ ಎಂಬ ಗಣಿತದ ಉಪಾಧ್ಯಾಯಿನಿ ಅಲ್ಲಿ ಕೆಲಸಕ್ಕೆ ಸೇರಿದರು. ಆ ದಿನಗಳಲ್ಲಿ ‘ಕಂಪ್ಯೂಟರ್’ ಎಂಬುದು ಅಲ್ಲಿ ಯಂತ್ರದ ಹೆಸರಾಗಿರಲಿಲ್ಲ, ಉದ್ಯೋಗದ ಹೆಸರಾಗಿತ್ತು. ಮೇಜಿನ ಮೇಲಿನ ಲೆಕ್ಕದ ಯಂತ್ರದ ಗುಂಡಿಗಳನ್ನು ಒತ್ತುತ್ತ, ಎಂಜಿನಿಯರುಗಳಿಗೆ ಬೇಕಾದ ಗಣಿತವನ್ನು ದಿನವೆಲ್ಲ ಮಾಡಿಕೊಡುತ್ತಿದ್ದ ಹೆಂಗಸರನ್ನು ಹಾಗೆ ಕರೆಯುತ್ತಿದ್ದರು. ವಾನ್ ಕಪ್ಪು ಜನಾಂಗದವರಾದುದರಿಂದ ವರ್ಣಭೇದದ ಕಟ್ಟಳೆಯಂತೆ ಅವರಿಗೂ ಅವರ ಜೊತೆಯವರಿಗೂ ಕೆಲಸ ಮಾಡಲು ಬೇರೆಯೇ ಕೋಣೆ. 1949ರಲ್ಲಿ ಆಕೆ ಆ ವಿಭಾಗದ ಮುಖ್ಯಸ್ಥೆಯಾದರು. 1958ರಲ್ಲಿ ಆ ಸಂಸ್ಥೆ ನಾಸಾ ಎಂಬ ಹೊಸ ಸಂಸ್ಥೆಯಲ್ಲಿ ಸೇರಿಹೋದಾಗ ಪ್ರತ್ಯೇಕ ವಿಭಾಗ ಮುಚ್ಚಿತು. ಅದೇ ಕಾಲಕ್ಕೆ ನಿಜವಾದ ಕಂಪ್ಯೂಟರುಗಳು, ಎಂದರೆ ಇಂದು ನಾವು ಆ ಹೆಸರಿನಿಂದ ಕರೆಯುವ ಯಂತ್ರಗಳು, ಪ್ರಯೋಗಾಲಯವನ್ನು ಹೊಕ್ಕುತ್ತಿದ್ದುವು.

ಆಗ ಆಕೆಗೆ ಐವತ್ತಕ್ಕೆ ಎರಡು ವರ್ಷ ಕಡಮೆ. ಹೆಸರಿನ ಸಮೇತ ಉದ್ಯೋಗವನ್ನೇ ಕಿತ್ತುಕೊಳ್ಳಲು ಬಂದ ಯಂತ್ರವನ್ನು ಆಕೆ ಶಪಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆಕೆ ಫೋರ್ಟ್ರಾನ್ ಭಾಷೆಯನ್ನು ಕಲಿಯಲು ಕುಳಿತರು. ಅದು ಐ.ಬಿ.ಎಂ. ಕಂಪೆನಿಯಿಂದ 1957ರಲ್ಲಷ್ಟೆ ಹೊರಬಂದಿದ್ದ ಭಾಷೆ. ತಾವು ಕಲಿತದ್ದಲ್ಲದೆ ತಮ್ಮ ಜೊತೆಯ ಹೆಂಗಸರಿಗೂ ಕಲಿಸಿದರು. 1971ರಲ್ಲಿ ನಿವೃತ್ತರಾಗುವಾಗ ಆಕೆ ನುರಿತ ಪ್ರೋಗ್ರಾಮರ್ ಎನಿಸಿಕೊಂಡಿದ್ದರು. ಇಲ್ಲಿ ನಾವು ಗಮನಿಸಬೇಕಾದ ಒಂದು ಅಂಶವುಂಟು. ಫೋರ್ಟ್ರಾನ್ ಹೊಸದಾದರೂ ಅದರಿಂದ ಮಾಡಿಸಬೇಕಾದ ಗಣಿತ ಹೊಸದಾಗಿರಲಿಲ್ಲ. ಯಾವ ಲೆಕ್ಕಕ್ಕೆ ಉತ್ತರ ಎಷ್ಟರ ಸುಮಾರಿಗೆ ಬರಬೇಕು, ಎಲ್ಲಿ ತಪ್ಪು ನುಸುಳುವ ಸಂಭವ ಹೆಚ್ಚು ಎಂಬುದು ಹದಿನೈದು ವರ್ಷ ಬೆರಳಿನಿಂದ ಲೆಕ್ಕ ಮಾಡಿದ ಆಕೆಗೆ ಗೊತ್ತಿದ್ದಷ್ಟು ಯಂತ್ರದ ಹೊಸ ಹುಡುಗರಿಗೆ ಗೊತ್ತಿರಲಾರದು.

ಎರಡನೆಯವರು ಗ್ರೇಸ್ ಹಾಪರ್. 1906ರಲ್ಲಿ ಹುಟ್ಟಿದ ಈ ಗಣಿತಜ್ಞೆ ಅಮೆರಿಕದ ನೌಕಾಪಡೆಯನ್ನು ಸೇರಿ, 1944ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ ಒಂದು ಎಂಬ ಯಂತ್ರದ ಮುಂದೆ ನಿಂತಾಗ ಅದಕ್ಕೆ ಅಪ್ಪಣೆಗಳನ್ನು ಕಾಗದದ ಪಟ್ಟಿಯಲ್ಲಿ ತೂತು ಕೊರೆದು ತಿಳಿಸಬೇಕಾಗಿತ್ತು. ಮನುಷ್ಯರ ಮಾತಿಗೆ ಹತ್ತಿರವಾದ ಭಾಷೆಯಲ್ಲಿ ಬರೆದರೆ ಯಂತ್ರವೇ ಅದನ್ನು ತನ್ನ ಸಂಕೇತಗಳಿಗೆ ತಿರುಗಿಸಿಕೊಳ್ಳಬಹುದೆಂದು ಆಕೆ ಹೇಳಿದಾಗ ನಂಬಿದವರು ಕಡಮೆ. ನಲವತ್ತೈದು ದಾಟಿದ ಆಕೆ ಆ ದಾರಿಯ ಮೊದಲ ಹೆಜ್ಜೆಯನ್ನು 1952ರಲ್ಲಿ ಇಟ್ಟರು. ಮುಂದೆ ಅದೇ ಯೋಚನೆಯ ಬಲದಿಂದ ಕೋಬಾಲ್ ರೂಪುಗೊಂಡಿತು. 1966ರ ಕೊನೆಯಲ್ಲಿ ಅರುವತ್ತು ತುಂಬಿದ ಆಕೆಯನ್ನು ನೌಕಾಪಡೆ ನಿವೃತ್ತಿಗೊಳಿಸಿತು. ಮರುವರ್ಷವೇ, ತನ್ನ ಕೋಬಾಲ್ ಪ್ರೋಗ್ರಾಮುಗಳನ್ನು ಒಂದು ಶಿಸ್ತಿಗೆ ತರಲಾರದೆ, ಆರು ತಿಂಗಳ ಮಟ್ಟಿಗೆಂದು ಮರಳಿ ಕರೆಸಿಕೊಂಡಿತು. ಆ ಆರು ತಿಂಗಳು, ನಡುವಣ ಒಂದು ಸಣ್ಣ ಬಿಡುವನ್ನು ಬಿಟ್ಟರೆ, 1986ರ ತನಕ ನಡೆಯಿತು. ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಆಕೆ ಮೂರನೆಯ ಸಲ ಮನೆಗೆ ಮರಳಿದರು. ಆಕೆಯ ಆಫೀಸಿನ ಗೋಡೆಯ ಮೇಲೆ ಮುಳ್ಳುಗಳು ಹಿಮ್ಮುಖವಾಗಿ ತಿರುಗುವ ಗಡಿಯಾರವೊಂದು ಇತ್ತಂತೆ. ಇದುವರೆಗೆ ಹೀಗೆಯೇ ಮಾಡಿಕೊಂಡು ಬಂದಿದ್ದೇವೆಂಬ ಒಂದೇ ಕಾರಣಕ್ಕೆ ಯಾವುದನ್ನೂ ಮುಂದುವರಿಸಬೇಡಿ ಎಂದು ಬಂದವರಿಗೆ ತಿಳಿಸುವುದಕ್ಕೆ ಅದನ್ನು ತೂಗುಹಾಕಿದ್ದರು.

ಮೂರನೆಯವರು ಇಂದಿನವರೇ, ಬ್ರಯಾನ್ ಕರ್ನಿಹನ್. ಇವರ ಕಥೆಗೂ ಕನ್ನಡಕ್ಕೂ ಒಂದು ಎಳೆಯ ಸಂಬಂಧವಿರುವುದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ 1977ರಲ್ಲಿ ಇವರೂ ಇವರ ಇಬ್ಬರು ಗೆಳೆಯರೂ ಸೇರಿ ‘ಆಕ್’ ಎಂಬ ಪುಟ್ಟ ಭಾಷೆಯನ್ನು ಕಟ್ಟಿದರು. ಮೂವರ ಹೆಸರಿನ ಮೊದಲ ಅಕ್ಷರಗಳೇ ಅದರ ಹೆಸರು. ದೊಡ್ಡ ಪಟ್ಟಿಗಳನ್ನು ಜಾಲಿಸಿ ಬೇಕಾದ ಸಾಲುಗಳನ್ನು ಹೆಕ್ಕುವುದು ಅದರ ಕೆಲಸ. ಒಂದು ಬಡಾವಣೆಯ ವಿದ್ಯುತ್ ಬಿಲ್ಲುಗಳ ಪಟ್ಟಿಯಿಂದ ಸಾವಿರ ರೂಪಾಯಿಗೆ ಮೀರಿದ ಬಾಕಿದಾರರನ್ನು ಒಂದೇ ಸಾಲಿನ ಅಪ್ಪಣೆಯಿಂದ ಅದು ಬೇರ್ಪಡಿಸಿಕೊಡುತ್ತದೆ. ಆದರೆ ಅದು ಹುಟ್ಟಿದ ಕಾಲದಲ್ಲಿ ಕಂಪ್ಯೂಟರಿಗೆ ಅಕ್ಷರವೆಂದರೆ ಇಂಗ್ಲಿಷಿನ ಅಕ್ಷರ. ಒಂದು ಅಕ್ಷರಕ್ಕೆ ಒಂದು ಬೈಟು, ಎಂದರೆ ಯಂತ್ರದ ನೆನಪಿನಲ್ಲಿ ಒಂದು ಗೂಡು.

ಜಗತ್ತಿನ ಎಲ್ಲ ಲಿಪಿಗಳಿಗೂ ಸ್ಥಾನ ಕೊಡುವ ಯೂನಿಕೋಡ್ 1991ರಲ್ಲಿ ಬಂದಿತು. ಅದರಲ್ಲಿ ಕನ್ನಡಕ್ಕೂ ಜಾಗ ದೊರೆಯಿತು. ಅದನ್ನು ಯಂತ್ರದೊಳಗೆ ಅನುಕೂಲವಾಗಿ ಇಡುವ ‘ಯುಟಿಎಫ್-8’ ಎಂಬ ಉಪಾಯವನ್ನು 1992ರಲ್ಲಿ ಕರ್ನಿಹನ್ನರ ಪ್ರಯೋಗಾಲಯದವರೇ ಆದ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬವರು, ಹೋಟೆಲೊಂದರಲ್ಲಿ ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಗೀಚಿ ರೂಪಿಸಿದರು. ಈ ಉಪಾಯದಲ್ಲಿ ನಮ್ಮ ಪ್ರತಿಯೊಂದು ಅಕ್ಷರಚಿಹ್ನೆಗೂ ಮೂರು ಬೈಟು ಬೇಕು. ‘ಕನ್ನಡ’ ಎಂಬ ಪದವನ್ನು ಕೊಟ್ಟು ಇದರ ಉದ್ದವೆಷ್ಟು ಎಂದು ಕೇಳಿದರೆ ಹಳೆಯ ಆಕ್ 15 ಎನ್ನುತ್ತಿತ್ತು. ಬೇರೆಯವರು ಕಟ್ಟಿದ ಆಕ್‌ಗಳಲ್ಲಿ ಇದಕ್ಕೆ ಪರಿಹಾರ ಬಂದರೂ ಮೂಲಕರ್ತರ ಆಕ್ ಮಾತ್ರ ಹಾಗೆಯೇ ಉಳಿದಿತ್ತು.

2022ರಲ್ಲಿ ಕರ್ನಿಹನ್ನರಿಗೆ ಎಂಬತ್ತು ವರ್ಷ. ಅವರೇ ಕುಳಿತು, ತಮ್ಮ ನಲವತ್ತೈದು ವರ್ಷ ಹಿಂದಿನ ಪ್ರೋಗ್ರಾಮನ್ನು ಬಿಚ್ಚಿ, ಅದಕ್ಕೆ ಯೂನಿಕೋಡನ್ನು ಕಲಿಸಿದರು. ಹೊಸದಾಗಿ ಬರೆದುದನ್ನು ಜೊತೆಯವರಿಗೆ ಒಪ್ಪಿಸಲು ‘ಗಿಟ್’ ಎಂಬ ಇಂದಿನ ಉಪಕರಣ ಬೇಕು. ಅದು ತಮಗೆ ಇನ್ನೂ ಸರಿಯಾಗಿ ಅರ್ಥವಾಗಿಲ್ಲವೆಂದು ಅವರು ತಮ್ಮ ಸಹಕಾರಿಗೆ ಬರೆದರು. ಜಗತ್ತಿನ ಪ್ರೋಗ್ರಾಮರುಗಳೆಲ್ಲ 1978ರಿಂದ ಅಭ್ಯಾಸ ಮಾಡುತ್ತಿರುವ ಸಿ ಭಾಷೆಯ ಪುಸ್ತಕಕ್ಕೆ ಈತ ಒಬ್ಬ ಕರ್ತೃ, ವಿಶ್ವವಿದ್ಯಾಲಯದಲ್ಲಿ ಗುರು. ಆದರೂ ಗೊತ್ತಿಲ್ಲವೆಂದು ಬರೆಯುವಾಗ ಆ ಕೈ ನಡುಗಲಿಲ್ಲ. ಮರುವರ್ಷ ಆಕ್ ಕುರಿತ ಪುಸ್ತಕ, ಮೊದಲ ಮುದ್ರಣದ ಮೂವತ್ತೈದು ವರ್ಷಗಳ ಮೇಲೆ, ಎರಡನೆಯ ಆವೃತ್ತಿಯಾಗಿ ಹೊರಬಂದಿತು.

ಈಗ ಆಕ್‌ಗೆ ‘ಕನ್ನಡ’ದ ಉದ್ದ ಕೇಳಿದರೆ 5 ಎನ್ನುತ್ತದೆ: ಕ, ನ, ವಿರಾಮಚಿಹ್ನೆ, ಮತ್ತೊಂದು ನ, ಡ. ನಮ್ಮ ಒಂದನೆಯ ತರಗತಿಯ ಮಗು 3 ಎನ್ನುತ್ತದೆ. ಅದಕ್ಕೆ ಒತ್ತಕ್ಷರವೂ ಸೇರಿ ಒಂದೇ ಅಕ್ಷರ. ಛಂದಸ್ಸಿನ ಪಾಠ ಹೇಳುವ ನನ್ನಂಥವನು, ಒತ್ತಕ್ಷರದ ಹಿಂದಿನದು ಗುರುವಾಗುವುದರಿಂದ, 4 ಮಾತ್ರೆ ಎಂದಾನು. ಒಂದೇ ಪದ, ನಾಲ್ಕು ಲೆಕ್ಕ. ಯಂತ್ರ ಎಷ್ಟೇ ಹೊಸದಾದರೂ, ಏನನ್ನು ಎಣಿಸುತ್ತಿದ್ದೇವೆಂಬ ಪ್ರಶ್ನೆಯನ್ನು ಕೇಳುವುದಕ್ಕೆ ವಿಷಯ ತಿಳಿದ ಮನುಷ್ಯ ಬೇಕೆಂಬುದಕ್ಕೆ ಇದಕ್ಕಿಂತ ಸಣ್ಣ ನಿದರ್ಶನ ನನಗೆ ತೋಚದು.

ಈ ಮೂವರಿಂದಲೂ ತಿಳಿಯುವ ಸಂಗತಿ ಒಂದೇ. ಹಿರಿಯ ಪ್ರೋಗ್ರಾಮರನು ತಾನು ಕಲಿತದ್ದರಲ್ಲಿ ಎಲೆ ಯಾವುದು, ಬೇರು ಯಾವುದು ಎಂದು ವಿಂಗಡಿಸಿಕೊಳ್ಳಬೇಕು. ಭಾಷೆ, ಉಪಕರಣ, ಅವುಗಳ ಗುಂಡಿ ಗುಟ್ಟುಗಳು ಎಲೆಗಳು. ಅವು ಉದುರಿದಾಗ ಅಳುವುದರಲ್ಲಿ ಅರ್ಥವಿಲ್ಲ. ತಾರೀಖು, ಹಣ, ಹೆಸರು, ಲೆಕ್ಕದ ತಪ್ಪು, ಗಿರಾಕಿ ಕೇಳಿದ್ದಕ್ಕೂ ಅವನಿಗೆ ಬೇಕಾದದ್ದಕ್ಕೂ ಇರುವ ಅಂತರ, ಇವುಗಳ ಅರಿವು ಬೇರು. ಉದಾಹರಣೆಗೆ ತಾರೀಖನ್ನೇ ತೆಗೆದುಕೊಳ್ಳಿ. ನಾಲ್ಕರಿಂದ ಭಾಗವಾಗುವ ಇಸವಿಗೆ ಫೆಬ್ರವರಿಯಲ್ಲಿ ಇಪ್ಪತ್ತೊಂಬತ್ತು ದಿನವೆಂದು ಶಾಲೆಯಲ್ಲಿ ಕಲಿಯುತ್ತೇವೆ. ನೂರರಿಂದ ಭಾಗವಾದರೆ ಹಾಗಲ್ಲ. ಆದುದರಿಂದ 1900ರಲ್ಲಿ ಇಪ್ಪತ್ತೆಂಟೇ ದಿನ. ಆದರೆ ನಾನೂರರಿಂದ ಭಾಗವಾದರೆ ಮತ್ತೆ ಇಪ್ಪತ್ತೊಂಬತ್ತು. ಆದುದರಿಂದ 2000ದಲ್ಲಿ ಇಪ್ಪತ್ತೊಂಬತ್ತು ದಿನವಿತ್ತು. ಇಪ್ಪತ್ತನೆಯ ಶತಮಾನದ ಕೊನೆಯ ದಿನಗಳಲ್ಲಿ ಕೋಬಾಲ್ ಪ್ರೋಗ್ರಾಮುಗಳನ್ನು ತಿದ್ದಿದವರಿಗೆ ಈ ನಿಯಮ ನಿದ್ದೆಯಲ್ಲಿಯೂ ಬರುತ್ತಿತ್ತು. ಆ ಕೋಬಾಲ್ ಅವರಿಗೆ ಮರೆತುಹೋಗಿರಬಹುದು. ತಾರೀಖನ್ನು ಕಂಡೊಡನೆ ಏಳುವ ಸಂಶಯ ಮರೆತುಹೋಗಿಲ್ಲ.

ಅದು ಬೇಗನೆ ಬೇಕಾಗಲಿದೆ ಕೂಡ. ಎಷ್ಟೋ ಕಂಪ್ಯೂಟರುಗಳು ಕಾಲವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಸಂಖ್ಯೆಯಾಗಿ ಬರೆದಿಡುತ್ತವೆ. ಹಳೆಯ ಪದ್ಧತಿಯಲ್ಲಿ ಆ ಸಂಖ್ಯೆಗೆ ಕೊಟ್ಟ ಜಾಗ 2038ರ ಜನವರಿ 19ರಂದು ತುಂಬಿಹೋಗುತ್ತದೆ. ಮರುಸೆಕೆಂಡಿಗೆ ಅಂಥ ಯಂತ್ರ 1901ಕ್ಕೆ ಜಾರುತ್ತದೆ. ಹೊಸ ಯಂತ್ರಗಳಲ್ಲಿ ಜಾಗವನ್ನು ಹಿಗ್ಗಿಸಿದ್ದಾರೆ. ಆದರೆ ಎಲ್ಲೆಲ್ಲಿ ಹಳೆಯದು ಅವಿತುಕೊಂಡಿದೆಯೆಂದು ಹುಡುಕುವ ಕೆಲಸ ಒಮ್ಮೆ ಹುಡುಕಿ ಅನುಭವವುಳ್ಳವರಿಗೆ ಒಗ್ಗಿದಷ್ಟು ಹೊಸಬರಿಗೆ ಒಗ್ಗದು.

ಇನ್ನು ಯಂತ್ರವೇ ಪ್ರೋಗ್ರಾಮು ಬರೆಯುವ ಕಾಲದಲ್ಲಿ ಇದೆಲ್ಲ ಏತಕ್ಕೆ ಎಂದು ಕೇಳುವವರುಂಟು. ಯಂತ್ರ ಕ್ಷಣಾರ್ಧದಲ್ಲಿ ಬರೆದುಕೊಡುವುದು ನಿಜ. ಅದು ಅಚ್ಚುಕಟ್ಟಾಗಿ ಕಾಣುವುದೂ ನಿಜ. ತಪ್ಪಿದ್ದರೆ ಆ ತಪ್ಪೂ ಅಷ್ಟೇ ಅಚ್ಚುಕಟ್ಟಾಗಿರುತ್ತದೆ. ಬರೆಯುವ ಶ್ರಮ ಕಡಮೆಯಾದಷ್ಟೂ ಓದಿ ಒರೆಹಚ್ಚುವ ಕಣ್ಣಿನ ಬೆಲೆ ಹೆಚ್ಚುತ್ತದೆ. ಆದರೆ ನನಗೆ ಅನುಭವವಿದೆ, ಈ ಹೊಸ ಆಟಿಕೆಯ ಗೊಡವೆ ಬೇಡ ಎಂದು ದೂರ ಕುಳಿತ ಹಿರಿಯನಿಗೆ ಆ ಕಣ್ಣಿದ್ದೂ ಪ್ರಯೋಜನವಿಲ್ಲ. ಒರೆಗಲ್ಲು ಪೆಟ್ಟಿಗೆಯಲ್ಲಿದ್ದರೆ ಚಿನ್ನದ ಬಣ್ಣ ತಿಳಿಯದು. ಹೊಸ ಯಂತ್ರದ ಮುಂದೆ ಕುಳಿತು, ಅದರಿಂದ ಬರೆಯಿಸಿ, ಅದನ್ನು ಸಾಲುಸಾಲಾಗಿ ಓದಿ, ಎಲ್ಲಿ ಎಡವುತ್ತದೆಂದು ಕಂಡುಕೊಂಡವನಿಗೇ ಅನುಭವದ ಫಲ.

ಹಾಗೆ ಕುಳಿತುಕೊಳ್ಳುವುದರಲ್ಲಿ ಕಷ್ಟವಾದದ್ದು ಕಲಿಕೆಯಲ್ಲ. ಇಪ್ಪತ್ತು ವರ್ಷ ‘ಸಾರ್’ ಎನ್ನಿಸಿಕೊಂಡವನು ಇಪ್ಪತ್ನಾಲ್ಕರ ಹುಡುಗಿಯ ಹತ್ತಿರ ಹೋಗಿ, ‘ಇದು ನನಗೆ ತಿಳಿಯಲಿಲ್ಲವಮ್ಮ, ಇನ್ನೊಮ್ಮೆ ಹೇಳು’ ಎನ್ನುವುದು ಕಷ್ಟ. ಅನೇಕ ಹಿರಿಯರು ಹಿಂದೆ ಬೀಳುವುದು ಬುದ್ಧಿ ಮಂದವಾದುದರಿಂದಲ್ಲ, ಈ ಒಂದು ವಾಕ್ಯ ಗಂಟಲಿನಲ್ಲಿ ಸಿಕ್ಕಿಕೊಳ್ಳುವುದರಿಂದ.

ಹಾಗೆಂದು ಹೊಣೆಯನ್ನೆಲ್ಲ ಕಲಿಯುವವನ ತಲೆಗೇ ಕಟ್ಟುವುದು ನ್ಯಾಯವಲ್ಲ. ಡೊರೊತಿ ವಾನ್ ಅಷ್ಟೆಲ್ಲ ಕಲಿತು ಕಲಿಸಿದರೂ, ವಿಭಾಗ ಮುಚ್ಚಿದಾಗ ಕಳೆದುಕೊಂಡ ಮುಖ್ಯಸ್ಥೆಯ ಸ್ಥಾನಕ್ಕೆ ಸಮನಾದುದು ಆಕೆಗೆ ಮತ್ತೆ ದೊರೆಯಲೇ ಇಲ್ಲ. ಕಲಿಕೆ ಕೆಲಸವನ್ನು ಉಳಿಸಿತು. ಅದಕ್ಕೆ ತಕ್ಕ ಗೌರವವನ್ನು ಕೊಡಬೇಕಾದವರು ಕೊಡಲಿಲ್ಲ. 2020ರ ಏಪ್ರಿಲಿನಲ್ಲಿ ಕೋವಿಡ್ ಹಾವಳಿಯಿಂದ ಕೆಲಸ ಕಳೆದುಕೊಂಡವರ ಅರ್ಜಿಗಳು ನ್ಯೂಜೆರ್ಸಿ ರಾಜ್ಯದ ಹಳೆಯ ಕಂಪ್ಯೂಟರುಗಳ ಮೇಲೆ ಒಮ್ಮೆಲೇ ಬಂದು ಬಿದ್ದಾಗ, ಕೋಬಾಲ್ ಬಲ್ಲವರು ಸ್ವಯಂಸೇವಕರಾಗಿ ಮುಂದೆ ಬರಬೇಕೆಂದು ಅಲ್ಲಿಯ ಗವರ್ನರು ಬಹಿರಂಗವಾಗಿ ಕೇಳಿಕೊಂಡರು. ಯಂತ್ರವನ್ನು ಹೊಸದು ಮಾಡಲಿಲ್ಲ, ಹಳೆಯದನ್ನು ಬಲ್ಲವರ ವಿದ್ಯೆಯನ್ನು ಕಿರಿಯರಿಗೆ ದಾಟಿಸಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಹಿರಿಯರ ನೆನಪಾಯಿತು. ನಿತ್ಯ ಹೊಸದನ್ನು ಕಲಿಯಿರಿ ಎಂದು ಉಪದೇಶಿಸುವ ಆಫೀಸು, ಕೆಲಸದ ಹೊತ್ತಿನಲ್ಲಿಯೇ ವಾರಕ್ಕೆ ಇಷ್ಟು ಗಂಟೆ ಎಂದು ಅದಕ್ಕೆ ಬಿಡುವು ಕೊಡಬೇಕು. ಇಡಿಯ ಹಗಲನ್ನು ದುಡಿಸಿಕೊಂಡು ಕಲಿಕೆಯನ್ನು ನಡುರಾತ್ರಿಗೆ ತಳ್ಳಿದರೆ ಅದು ಉಪದೇಶವಲ್ಲ, ಬೆದರಿಕೆ.

ಮನೆಯವರ ಪಾಲೂ ಸ್ವಲ್ಪವುಂಟು. ಕಲಿಯುವವಳು ಮನೆಯ ಹೆಂಗಸಾದರೆ ಆಫೀಸಿನ ಹಗಲಿನ ಜೊತೆಗೆ ಅಡಿಗೆಮನೆಯ ಸಂಜೆಯೂ ಅವಳ ಲೆಕ್ಕಕ್ಕೇ ಬೀಳುತ್ತದೆ. ಅವಳು ಪುಸ್ತಕ ಹಿಡಿದ ಒಂದು ಗಂಟೆ ಕುಕ್ಕರಿನ ಕೂಗಿಗೆ ಗಂಡನಾಗಲಿ ಮಗನಾಗಲಿ ಓಗೊಟ್ಟರೆ ಆಕಾಶವೇನೂ ಕಳಚಿಬೀಳದು. ಅಪ್ಪ ಕಲಿಯುತ್ತಿದ್ದರೆ ಕಾಲೇಜಿನ ಮಗಳು ಹತ್ತಿರ ಕುಳಿತು ತನಗೆ ಗೊತ್ತಿದ್ದಷ್ಟನ್ನು ಹೇಳಿಕೊಡಲಿ. ಅಪ್ಪ ತನ್ನ ತಾರೀಖಿನ ಕಥೆಯನ್ನು ಅವಳಿಗೆ ಹೇಳಲಿ. ಇಬ್ಬರಿಗೂ ಲಾಭ.

ಇಷ್ಟಾದ ಮೇಲೂ ಮರ ಬಗ್ಗದು ಎನ್ನುವವರು ಮಳೆಗಾಲದ ಬಿರುಗಾಳಿಯಲ್ಲಿ ತೆಂಗಿನ ತೋಟವನ್ನು ಒಮ್ಮೆ ನೋಡಿಬರಬೇಕು. ಐವತ್ತು ವರ್ಷದ ಮರ ನೆಲದ ಕಡೆಗೆ ಬಾಗಿ, ಗರಿಗಳನ್ನು ಕಳೆದುಕೊಂಡು, ಗಾಳಿ ತಗ್ಗಿದ ಮೇಲೆ ಮತ್ತೆ ನೆಟ್ಟಗೆ ನಿಲ್ಲುತ್ತದೆ. ಬೇರಿನ ಬುಡಕ್ಕೆ ಯಾರಾದರೂ ನೀರೆರೆಯುತ್ತಿದ್ದರೆ ಮುಂದಿನ ವರ್ಷ ಕಾಯಿಯನ್ನೂ ಬಿಡುತ್ತದೆ.